ಎಲ್ಲೋರಾದಲ್ಲಿ ಮೌನ, ಕಾಶಿಯಲ್ಲಿ ದನಿ: ರೂಸೆಲ್‌ನ ‘ಎವೊಕಾಸಿಯೋಂ’ ಕೇಳುವುದು ಹೇಗೆ?

ಪ್ರಶ್ನೆ: ನಾನು ಹನ್ನೆರಡು ವರ್ಷದಿಂದ ವೀಣೆ ಕಲಿಯುತ್ತಿದ್ದೇನೆ. ಎಲ್ಲೋರಾ ನೋಡಿ ಬಂದ ಮೇಲೆ, ಅದರ ಬಗ್ಗೆ ಆಲ್ಬೇರ್ ರೂಸೆಲ್ ಎಂಬ ಫ್ರೆಂಚ್ ಸಂಗೀತಗಾರ ‘ಎವೊಕಾಸಿಯೋಂ’ ಎಂಬ, ಕೋರಸ್ (ಗುಂಪು ಗಾಯನ) ಇರುವ ಒಂದು ಸಿಂಫನಿ (ಇಡೀ ವಾದ್ಯವೃಂದಕ್ಕೆ ಬರೆದ ಹಲವು ಭಾಗಗಳ ದೊಡ್ಡ ಕೃತಿ) ಬರೆದಿದ್ದಾನೆ ಎಂದು ಗೊತ್ತಾಯಿತು. ಆಸೆಯಿಂದ ಎರಡು ಸಲ ಕೇಳಿದೆ. ಎಲ್ಲೋರಾದ ಭಾಗದಲ್ಲಿ ಹಾಡುವವರೇ ಇಲ್ಲ. ನಮ್ಮ ರಾಗ ಎಂದು ಗುರುತು ಹಿಡಿಯುವಂಥದ್ದೂ ಏನೂ ಸಿಗಲಿಲ್ಲ. ಮೇಡಂ, ಇದನ್ನು ಸಿಂಫನಿ ಅನ್ನಬಹುದೇ? ಇದರಲ್ಲಿ ಭಾರತ ಎಲ್ಲಿದೆ? ನಾನು ಕೇಳುವ ರೀತಿಯಲ್ಲೇ ತಪ್ಪಿದೆಯೇ?

ಉತ್ತರ: ನೀವು ಕೇಳಿದ ರೀತಿಯಲ್ಲಿ ತಪ್ಪೇನೂ ಇಲ್ಲ. ಎರಡೇ ಸಲ ಕೇಳಿ ಈ ಕೃತಿಯ ಮುಖ್ಯ ಸಂಗತಿಯನ್ನೇ ಹಿಡಿದಿದ್ದೀರಿ. ಆದರೆ ಅದನ್ನು ದೂರಿನ ಹಾಗೆ ಬರೆದಿದ್ದೀರಿ. ಎಲ್ಲೋರಾದಲ್ಲಿ ಯಾರೂ ಹಾಡುವುದಿಲ್ಲ, ನಿಜ. ಎರಡನೆಯ ಭಾಗದಲ್ಲೂ ಹಾಡುವುದಿಲ್ಲ. ಮುಕ್ಕಾಲು ಗಂಟೆಗೆ ಹತ್ತಿರವಾಗುವ ಕೃತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊತ್ತು ವೇದಿಕೆಯ ಹಿಂಬದಿಯಲ್ಲಿ ಅಷ್ಟೊಂದು ಜನ ಬಾಯಿ ಮುಚ್ಚಿ ಕೂತಿರುತ್ತಾರೆ. ರೂಸೆಲ್ ಹೀಗೆ ಮಾಡಿದ್ದು ಯೋಚಿಸಿಯೇ.

ಮೊದಲು ಅವನ ವಿಷಯ ಸ್ವಲ್ಪ ಹೇಳುತ್ತೇನೆ, ಏಕೆಂದರೆ ಈ ಕೃತಿ ಹುಟ್ಟಿದ್ದು ಒಂದು ಪ್ರಯಾಣದಿಂದ. ರೂಸೆಲ್ 1869ರಲ್ಲಿ ಉತ್ತರ ಫ್ರಾನ್ಸಿನ ತೂರ್‌ಕ್ವಾಂ ಎಂಬ ಊರಿನಲ್ಲಿ ಹುಟ್ಟಿದ. ಚಿಕ್ಕಂದಿನಲ್ಲೇ ಅಪ್ಪ ಅಮ್ಮ ಇಬ್ಬರೂ ಹೋದರು. ಸಾಕಿದ ಅಜ್ಜನೂ ಹೆಚ್ಚು ಕಾಲ ಉಳಿಯಲಿಲ್ಲ. 1887ರಲ್ಲಿ ನೌಕಾಪಡೆಯ ಶಾಲೆಗೆ ಸೇರಿದ, ಅಧಿಕಾರಿಯಾದ, ಅಂದು ಫ್ರೆಂಚರ ಕೈಯಲ್ಲಿದ್ದ ದಕ್ಷಿಣ ವಿಯೆಟ್ನಾಮಿನವರೆಗೂ ಹಡಗಿನಲ್ಲಿ ಹೋಗಿ ಬಂದ. 1894ರಲ್ಲಿ, ಇಪ್ಪತ್ತೈದನೆಯ ವಯಸ್ಸಿಗೆ, ಕೆಲಸಕ್ಕೆ ರಾಜೀನಾಮೆ ಕೊಟ್ಟು ಸಂಗೀತಕ್ಕೆ ಬಂದ. ಪ್ಯಾರಿಸ್ಸಿನ ಸ್ಕೋಲಾ ಕಾಂಟೋರಮ್ ಶಾಲೆಯಲ್ಲಿ ಸಂಯೋಜಕ ವ್ಯಾನ್ಸಾಂ ದಾಂದಿಯ ಕೈಕೆಳಗೆ ಬಹಳ ವರ್ಷ ಕಲಿತ. ಅಲ್ಲಿನ ಓದು ಇನ್ನೂ ಮುಗಿಯದಿರುವಾಗಲೇ ಅಲ್ಲೇ ಕೌಂಟರ್‌ಪಾಯಿಂಟ್ (ಹಲವು ಧಾಟಿಗಳನ್ನು ಒಟ್ಟಿಗೆ ಹೆಣೆಯುವ ವಿದ್ಯೆ) ಕಲಿಸುವ ಮೇಷ್ಟರಾದ. ಅವನ ಎದುರು ಕೂತು ಪಾಠ ಹೇಳಿಸಿಕೊಂಡವರಲ್ಲಿ ವಯಸ್ಸಿನಲ್ಲಿ ಅವನಿಗಿಂತ ದೊಡ್ಡವನಾದ ಸಂಯೋಜಕ ಎರಿಕ್ ಸಾತಿಯೂ ಇದ್ದ.

1908ರಲ್ಲಿ ಬ್ಲಾಂಶ್ ಎಂಬಾಕೆಯ ಜೊತೆ ಮದುವೆ. ಮರುವರ್ಷ, 1909ರಲ್ಲಿ, ದಂಪತಿ ಪೂರ್ವದ ಕಡೆ ದೀರ್ಘ ಪ್ರವಾಸಕ್ಕೆ ಹೊರಟರು. ಮುಂಬೈ, ಎಲ್ಲೋರಾ, ಜೈಪುರ, ಚಿತ್ತೋಡ, ಕಾಶಿ, ಆಮೇಲೆ ಸಿಂಹಳ, ಕಾಂಬೋಡಿಯಾದ ಅಂಗ್‌ಕೋರ್. ಹೀಗೆ ತಿಂಗಳುಗಟ್ಟಲೆ. ನಲವತ್ತು ವರ್ಷದ ರೂಸೆಲ್‌ನ ಕೈಯಲ್ಲಿ ಒಂದು ಟಿಪ್ಪಣಿ ಪುಸ್ತಕವಿತ್ತು. ಕಿವಿಗೆ ಬಿದ್ದ ಹಾಡುಗಳನ್ನು ಅದರಲ್ಲಿ ಪಾಶ್ಚಾತ್ಯ ಸ್ವರಲಿಪಿಯಲ್ಲಿ ಗುರುತು ಹಾಕಿಕೊಳ್ಳುತ್ತಿದ್ದ. ಊರಿಗೆ ಮರಳಿದ ಮೇಲೆ, 1910 ಮತ್ತು 1911ರಲ್ಲಿ, ಬರೆದದ್ದೇ ‘ಎವೊಕಾಸಿಯೋಂ’. ಕನ್ನಡದಲ್ಲಿ ‘ಆವಾಹನೆಗಳು’ ಎನ್ನಬಹುದು. ನನಗೆ ಆ ಪದವೇ ಇಷ್ಟ. ಕಣ್ಣೆದುರು ಇಲ್ಲದ್ದನ್ನು ಕರೆದು ಕೂರಿಸುವ ಕೆಲಸ ಇದು.

ಭಾಗಗಳು ಮೂರು. ಮೊದಲನೆಯದರ ಹೆಸರು ‘ಗುಹೆಗಳ ನೆರಳಿನಲ್ಲಿ ದೇವರುಗಳು’, ಅದು ಎಲ್ಲೋರಾ. ಎರಡನೆಯದು ‘ಗುಲಾಬಿ ನಗರ’, ಜೈಪುರ. ಮೂರನೆಯದು ‘ಪವಿತ್ರ ನದಿಯ ದಡದಲ್ಲಿ’, ಕಾಶಿ. ಮೂರನೆಯ ಭಾಗಕ್ಕೆ ಸಾಹಿತ್ಯ ಬರೆದುಕೊಟ್ಟವನು ವಿಮರ್ಶಕ ಕಾಲ್ವೊಕೊರೆಸ್ಸಿ. ಮೊದಲ ಪ್ರದರ್ಶನ ನಡೆದದ್ದು 1912ರ ಮೇ 18ರಂದು, ಪ್ಯಾರಿಸ್ಸಿನ ಸಾಲ್ ಗಾವೋ ಸಭಾಂಗಣದಲ್ಲಿ. ವಾದ್ಯವೃಂದ ನಡೆಸಿದವನು ರೆನೆ-ಬಾತೋಂ.

ಇದು ಸಿಂಫನಿಯೇ ಎಂದು ಕೇಳಿದ್ದೀರಿ. ರೂಸೆಲ್ ಇದನ್ನು ಸಿಂಫನಿ ಎಂದು ಕರೆಯಲಿಲ್ಲ. ಅವನು ಸಂಖ್ಯೆ ಕೊಟ್ಟ ಸಿಂಫನಿಗಳು ನಾಲ್ಕು. ಇದು ಆ ಲೆಕ್ಕಕ್ಕೆ ಸೇರುವುದಿಲ್ಲ. ಆದರೂ ಇದನ್ನು ಕೋರಲ್ ಸಿಂಫನಿಯಾಗಿಯೇ ಕೇಳಬೇಕು ಎಂದು ನಾನು ವಾದಿಸುತ್ತೇನೆ. ನಿಧಾನವಾದ, ಭಾರವಾದ ಮೊದಲ ಭಾಗ. ಹಗುರವಾಗಿ ಮಿನುಗುವ ನಡುವಿನ ಭಾಗ, ಅಂದರೆ ಸಿಂಫನಿಯಲ್ಲಿ ಸ್ಕೆರ್ಟ್ಸೋ ಎಂಬ ಚುರುಕು ನಡೆಯ ಭಾಗ ಇರುವ ಜಾಗ. ಕೊನೆಗೆ ಎಲ್ಲಕ್ಕಿಂತ ಉದ್ದನೆಯ, ದನಿಗಳನ್ನೂ ಕರೆದುಕೊಂಡು ಬರುವ ಮೂರನೆಯದು. ದಾಂದಿಯ ಬಳಿ ಅಷ್ಟು ವರ್ಷ ಕಲಿತವನು ಪ್ರವಾಸದ ಚಿತ್ರಗಳನ್ನು ಸುಮ್ಮನೆ ಆಲ್ಬಮ್ಮಿಗೆ ಅಂಟಿಸಿದ ಹಾಗೆ ಜೋಡಿಸುವುದಿಲ್ಲ. ಅವನಿಗೆ ಅಡಿಪಾಯ, ಕಂಬ, ತೊಲೆ ಎಲ್ಲವೂ ಲೆಕ್ಕ.

ಬೀಥೋವನ್ 1824ರಲ್ಲಿ ತನ್ನ ಒಂಬತ್ತನೆಯ ಸಿಂಫನಿಯಲ್ಲಿ ದನಿಯನ್ನು ಕೊನೆಯ ಭಾಗಕ್ಕೆ ಕಾದಿರಿಸಿದ. ಆಮೇಲೆ ಬಂದವರೆಲ್ಲ ಆ ಉಪಾಯಕ್ಕೆ ಒಂದಲ್ಲ ಒಂದು ರೀತಿ ಉತ್ತರ ಕೊಡಲೇಬೇಕಾಯಿತು. ಫ್ರಾನ್ಸಿನಲ್ಲಿ ಬೆರ್ಲಿಯೋಜ್ ಕೊಟ್ಟ, ಮುಂದೆ ಇಪ್ಪತ್ತನೆಯ ಶತಮಾನದಲ್ಲಿ ದಾರಿಯುಸ್ ಮಿಯೋ ಕೂಡ ಕೊಟ್ಟ. ಆದರೆ ರೂಸೆಲ್‌ನ ಕೃತಿಗೆ ತೀರಾ ಹತ್ತಿರದ ಹಿರಿಯಣ್ಣ ಎಂದರೆ ದೆಬ್ಯೂಸಿಯ ‘ನಾಕ್ಟರ್ನ್‌ಗಳು’. ಅಲ್ಲಿಯೂ ಮೂರು ಭಾಗ: ಮೋಡಗಳು, ಹಬ್ಬಗಳು, ಕೊನೆಗೆ ಕಡಲಕನ್ಯೆಯರು. ಆ ಕೊನೆಯ ಭಾಗದಲ್ಲಿ ಮಾತ್ರ ಹೆಂಗಸರ ಕೋರಸ್, ಅದೂ ಪದವಿಲ್ಲದೆ. 1901ರಲ್ಲಿ ಮೂರೂ ಒಟ್ಟಿಗೆ ಮೊದಲ ಸಲ ಕೇಳಿಸಿದ್ದು. ಮೊದಲೆರಡು ಭಾಗ ವಾದ್ಯಕ್ಕೆ, ಮೂರನೆಯದು ನೀರಿಗೆ ಮತ್ತು ದನಿಗೆ ಎಂಬ ಈ ನಡೆಯೇ ರೂಸೆಲ್‌ನಲ್ಲೂ ಇದೆ. ಆದರೆ ದೆಬ್ಯೂಸಿಯ ದನಿಗಳು ಅಲೆಯೊಳಗೆ ಕರಗಿಹೋಗುತ್ತವೆ. ರೂಸೆಲ್‌ನ ದನಿಗಳು ಮನುಷ್ಯರಾಗಿ ನಿಲ್ಲುತ್ತವೆ: ಪ್ರೀತಿಸುತ್ತವೆ, ಕೈ ಮುಗಿಯುತ್ತವೆ.

ಈ ಕಾಯುವಿಕೆ ಎಂದರೆ ಏನೆಂದು ಹಾಡುವವರ ಕಡೆಯಿಂದ ಹೇಳಬೇಕು. ನಾನು ಕೋರಸ್ಸಿನಲ್ಲಿ ಆಲ್ಟೋ ಸಾಲಿನಲ್ಲಿ, ಅಂದರೆ ಕೆಳಸ್ಥಾಯಿಯಲ್ಲಿ ಹಾಡುವ ಹೆಂಗಸರ ಸಾಲಿನಲ್ಲಿ, ಇದ್ದ ವರ್ಷಗಳಲ್ಲಿ ಬೀಥೋವನ್‌ನ ಒಂಬತ್ತನೆಯದನ್ನು ಹಾಡಿದ್ದೇನೆ. ಮೂರು ಭಾಗ ಮುಗಿಯುವವರೆಗೆ ಮರದ ಹಲಗೆಯ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂರಬೇಕು. ಕೆಮ್ಮುವ ಹಾಗಿಲ್ಲ. ಮಡಿಲಲ್ಲಿ ಸ್ವರಪುಸ್ತಕ ಬೆವರಿಗೆ ಒದ್ದೆಯಾಗುತ್ತದೆ. ಗಂಟಲು ಒಣಗುತ್ತದೆ, ಉಗುಳು ನುಂಗಿ ನುಂಗಿ ತೇವ ಮಾಡಿಕೊಳ್ಳುತ್ತೇವೆ. ಆಮೇಲೆ ವಾದ್ಯವೃಂದ ನಡೆಸುವ ಕಂಡಕ್ಟರ್ ಒಂದು ಸಣ್ಣ ಸನ್ನೆ ಮಾಡುತ್ತಾರೆ. ನೂರು ಜನ ಒಟ್ಟಿಗೆ ಎದ್ದು ನಿಲ್ಲುವ ಆ ಸದ್ದು, ಬಟ್ಟೆ ಸರಿದಾಡುವ ಸದ್ದು, ಅದೂ ಸಂಗೀತದ ಒಂದು ಭಾಗವೇ ಅನ್ನಿಸುತ್ತಿತ್ತು. ಸಭಾಂಗಣದಲ್ಲಿ ಕೂತವರ ಉಸಿರಾಟವೂ ಆಗ ಬದಲಾಗುತ್ತದೆ. ಧ್ವನಿಮುದ್ರಣದಲ್ಲಿ ಇದು ಸಿಗುವುದಿಲ್ಲ. ಹಾಗಾಗಿ ನಿಮಗೆ ‘ಹಾಡುವವರೇ ಇಲ್ಲ’ ಎನ್ನಿಸಿತು. ಸಭಾಂಗಣದಲ್ಲಿ ಕೂತಿದ್ದರೆ ‘ಹಾಡಬೇಕಾದವರು ಅಲ್ಲೇ ಇದ್ದಾರೆ, ಇನ್ನೂ ಬಾಯಿ ತೆರೆದಿಲ್ಲ’ ಎಂದು ಮೊದಲ ನಿಮಿಷದಿಂದಲೇ ಕಾಣುತ್ತಿತ್ತು.

ಇನ್ನು ಎಲ್ಲೋರಾ. ನೀವು ಹೋಗಿ ಬಂದಿದ್ದೀರಲ್ಲ, ಹತ್ತನೆಯ ಗುಹೆ ನೆನಪಿದೆಯೇ? ಬೌದ್ಧರ ಚೈತ್ಯ, ಚಾವಣಿಯ ಕಲ್ಲಿನಲ್ಲೇ ಮರದ ಪಕ್ಕೆಲುಬುಗಳಂತೆ ಕೆತ್ತಿದ್ದಾರೆ. ಅಲ್ಲಿ ಒಂದು ಸ್ವರ ಹಿಡಿದು ನಿಲ್ಲಿಸಿ ನೋಡಿ. ನಿಮ್ಮ ಬಾಯಿ ಮುಚ್ಚಿದ ಮೇಲೂ ದನಿ ಇನ್ನೂ ಮೇಲೆಲ್ಲೋ ಓಡಾಡುತ್ತಿರುತ್ತದೆ. ನಾನು ಅಲ್ಲಿ ಕೆಳಗಿನ ಪಂಚಮ ಹಾಡಿದೆ. ಅದು ಕಲ್ಲಿಗೆ ತಾಗಿ ಮರಳಿ ಬರುವಾಗ ಯಾರ ದನಿಯೆಂದು ನನಗೇ ತಿಳಿಯಲಿಲ್ಲ. ರೂಸೆಲ್‌ನ ಮೊದಲ ಭಾಗ ನನ್ನ ಕಿವಿಗೆ ಇದನ್ನೇ ಮಾಡುತ್ತದೆ. ಅದು ಕತ್ತಲಿನಿಂದ ಮೆಲ್ಲಗೆ ಏಳುತ್ತದೆ. ಮೊದಲಿಗೆ ಸ್ವರಗಳು ಎಲ್ಲಿಂದ ಬರುತ್ತಿವೆ ಎಂಬುದೇ ಸ್ಪಷ್ಟವಿಲ್ಲ. ಕಣ್ಣು ಕತ್ತಲಿಗೆ ಹೊಂದಿಕೊಂಡ ಹಾಗೆ ಒಂದೊಂದೇ ಆಕಾರ ಕಾಣುತ್ತದೆ. ಆಮೇಲೆ ವಾದ್ಯವೃಂದ ಎದ್ದು ನಿಂತಾಗ, ಅದು ಕುಣಿಯುವ ಶಿವನೋ ಕೈಲಾಸ ಅಲ್ಲಾಡಿಸುವ ರಾವಣನೋ ಎಂದು ರೂಸೆಲ್ ಹೇಳುವುದಿಲ್ಲ. ನೋಡಿದ ನಮಗೆ ಎರಡೂ ನೆನಪಾಗುತ್ತವೆ.

ಇಲ್ಲಿ ಹಾಡುವವರು ಇರಬಾರದು. ಆ ಮೂರ್ತಿಗಳನ್ನು ಕಡಿದವರೂ ಕಡಿಸಿದವರೂ ಹೋಗಿ ಸಾವಿರ ವರ್ಷವಾಗಿತ್ತು. ಕಡಿಸಿದವರಲ್ಲಿ ಮುಖ್ಯರು ನಮ್ಮ ರಾಷ್ಟ್ರಕೂಟರು. ಹದಿನೈದನೆಯ ಗುಹೆಯಲ್ಲಿ ದಂತಿದುರ್ಗನ ಶಾಸನವಿದೆ. ಹದಿನಾರನೆಯದಾದ ಕೈಲಾಸನಾಥ ಒಂದನೆಯ ಕೃಷ್ಣನ ಕಾಲದ್ದು, ಎಂಟನೆಯ ಶತಮಾನ. ಮುಂದೆ ಕಲಬುರಗಿ ಸೀಮೆಯ ಮಳಖೇಡದಿಂದ ಆಳಿದ, ಕವಿರಾಜಮಾರ್ಗ ಹುಟ್ಟಿದ ಆಸ್ಥಾನವೂ ಇದೇ ವಂಶದ್ದು. ಇದನ್ನು ಹೇಳಿದ್ದು ಅಭಿಮಾನಕ್ಕಷ್ಟೇ ಅಲ್ಲ. ಆ ಕಲ್ಲಿನ ಹಿಂದೆ ನಮಗೆ ಒಂದು ನುಡಿ ಕೇಳಿಸುತ್ತದೆ, ರೂಸೆಲ್‌ಗೆ ಕೇಳಿಸಲು ಸಾಧ್ಯವಿರಲಿಲ್ಲ. ಕೇಳಿಸದ ಜಾಗದಲ್ಲಿ ಕೃತಕವಾದ ‘ಹಿಂದೂ ಪ್ರಾರ್ಥನೆ’ಯೊಂದನ್ನು ತಂದು ತುರುಕದೆ ಅವನು ಕಲ್ಲನ್ನು ಕಲ್ಲಾಗಿಯೇ ಬಿಟ್ಟ. ಅದಕ್ಕಾಗಿ ನನಗೆ ಅವನ ಮೇಲೆ ಗೌರವ.

ಜೈಪುರದ ಭಾಗವನ್ನು ಬೇಗ ದಾಟುತ್ತೇನೆ. ಬಿಸಿಲು, ಬೀದಿ, ಬಣ್ಣ, ಚುರುಕಾದ ತಾಳ. ಊರಿಗೆ ಆ ಗುಲಾಬಿ ಬಣ್ಣ ಬಳಿದದ್ದು 1876ರಲ್ಲಿ, ಬ್ರಿಟಿಷ್ ಯುವರಾಜನ ಸ್ವಾಗತಕ್ಕೆ. ರೂಸೆಲ್ ನೋಡುವ ಹೊತ್ತಿಗೆ ಮೂವತ್ಮೂರು ವರ್ಷ ಕಳೆದಿತ್ತು. ವಾದ್ಯಗಳನ್ನು ಹೊಂದಿಸಿದ ಕೈಚಳಕ ಅದ್ಭುತ. ಆದರೆ ಮೂರರಲ್ಲಿ ಇದೇ ಹೊರಗಿನವನ ಕಣ್ಣು ಹೆಚ್ಚು ಕಾಣಿಸುವ ಭಾಗ, ಗಾಡಿಯಲ್ಲಿ ಕೂತು ನೋಡಿದ ಹಾಗೆ.

ಈಗ ಕಾಶಿ. ದನಿ ಬರುವುದು ಇಲ್ಲಿ. ಕೋರಸ್ ಜೊತೆಗೆ ಮೂವರು ಏಕವ್ಯಕ್ತಿ ಗಾಯಕರಿದ್ದಾರೆ: ಹೆಂಗಸರಲ್ಲಿ ಕೆಳಸ್ಥಾಯಿಯ ಕಾಂಟ್ರಾಲ್ಟೋ, ಗಂಡಸರಲ್ಲಿ ಮೇಲುಸ್ಥಾಯಿಯ ಟೆನರ್ ಮತ್ತು ನಡುಸ್ಥಾಯಿಯ ಬ್ಯಾರಿಟೋನ್. ನದಿಯ ಮೇಲೆ ರಾತ್ರಿ, ಪ್ರೇಮಿಗಳು, ಆಮೇಲೆ ಬೆಳಕು, ಸೂರ್ಯನಿಗೆ ಸ್ತೋತ್ರ. ಆ ಸ್ತೋತ್ರ ಬ್ಯಾರಿಟೋನ್‌ನದು. ನೀವು ಹುಡುಕುತ್ತಿದ್ದ ಭಾರತ ಇರುವುದು ಅಲ್ಲೇ.

ಕಾಶಿಯಲ್ಲಿ ಗಂಗೆಯ ದಡದಲ್ಲಿ ಅರೆಬೆತ್ತಲೆ ಯುವಕನೊಬ್ಬ ದೇವರನ್ನು ಕರೆದು ಹಾಡುತ್ತಿದ್ದುದನ್ನು ರೂಸೆಲ್ ಕೇಳಿದ. ಅವನನ್ನು ಫಕೀರ ಎಂದು ಬರೆದಿದ್ದಾನೆ. ಅಂದಿನ ಯುರೋಪಿನವರು ಸಾಧು, ಬೈರಾಗಿ, ಸನ್ಯಾಸಿ ಎಲ್ಲರಿಗೂ ಫಕೀರ ಎಂದೇ ಅನ್ನುತ್ತಿದ್ದರು. ಅವನು ಹಾಡಿದ್ದನ್ನು ಟಿಪ್ಪಣಿ ಪುಸ್ತಕಕ್ಕೆ ಇಳಿಸಿಕೊಂಡ. ಅದೇ ಧಾಟಿ ಬ್ಯಾರಿಟೋನ್‌ನ ಸ್ತೋತ್ರಕ್ಕೆ ಬಂತು. ಹೆಸರು ಉಳಿಯದ ಒಬ್ಬ ಘಾಟಿನ ಹಾಡುಗಾರನ ದನಿಯ ಎಳೆ ಮೂರು ವರ್ಷದೊಳಗೆ ಪ್ಯಾರಿಸ್ಸಿನ ದೊಡ್ಡ ಸಭಾಂಗಣ ಮುಟ್ಟಿತು, ಒಂದು ನೂರ್ಮಡಿ ದೊಡ್ಡದಾದ ದನಿಯ ಗುಂಪು ಅದರ ಸುತ್ತ ನಿಂತಿತು.

ಹಾಗಾದರೆ ನಿಮ್ಮ ವೀಣೆಯ ಕಿವಿಗೆ ಅದು ರಾಗವಾಗಿ ಏಕೆ ಸಿಗಲಿಲ್ಲ? ಸ್ವರಲಿಪಿಯ ಐದು ಗೆರೆಗಳ ಮೇಲೆ ಹಾಡನ್ನು ಇಳಿಸುವಾಗಲೇ ಗಮಕ ಸೋರಿಹೋಗುತ್ತದೆ. ವೀಣೆಯ ಮೇಲೆ ಒಂದೇ ಮೆಟ್ಟಿಲಿನಲ್ಲಿ ತಂತಿ ಎಳೆದು ನೀವು ಮುಟ್ಟುವ ಗಾಂಧಾರ ಒಂದು ಚುಕ್ಕಿಯಲ್ಲ, ಓಡಾಡುವ ಜಾಗ. ಅದಕ್ಕೆ ಐದು ಗೆರೆಯಲ್ಲಿ ಒಂದೇ ಚುಕ್ಕಿ. ಅದು ಮೊದಲ ನಷ್ಟ. ಎರಡನೆಯದು, ಆ ಧಾಟಿಯ ಕೆಳಗೆ ಶ್ರುತಿಯಂತೆ ನಿಲ್ಲುವ ಷಡ್ಜವಿಲ್ಲ, ಚಲಿಸುವ ಸ್ವರಗುಚ್ಛಗಳಿವೆ. ನಮ್ಮಲ್ಲಿ ನೆಲ ಸ್ಥಿರ, ನಡೆಯುವುದು ಮೇಲಿನ ರಾಗ. ಅಲ್ಲಿ ನೆಲವೇ ನಡೆಯುತ್ತದೆ. ನೆಲ ಸರಿದಾಗ ಮೇಲಿನ ಸ್ವರದ ಅರ್ಥವೂ ಬದಲಾಗುತ್ತದೆ, ಈಗಷ್ಟೇ ಪಂಚಮವಾಗಿದ್ದದ್ದು ಮರುಕ್ಷಣ ಗಾಂಧಾರದ ಹಾಗೆ ಕೇಳಿಸಬಹುದು. ರಾಗ ಅಲ್ಲಿ ಬದುಕುವುದಿಲ್ಲ. ನಿಮ್ಮ ಕಿವಿ ಸರಿಯಾಗಿಯೇ ಹೇಳಿದೆ.

ಆದರೆ ಕೋರಸ್ ಇರುವಲ್ಲಿ ಧಾಟಿಯನ್ನು ಒಬ್ಬನ ಬಾಯಿಗೇ ಕೊಟ್ಟದ್ದನ್ನು ಗಮನಿಸಿ. ರೂಸೆಲ್ ಮೇಷ್ಟರಾಗಿದ್ದದ್ದೇ ಕೌಂಟರ್‌ಪಾಯಿಂಟಿಗೆ, ಒಂದರ ಮೇಲೊಂದು ಧಾಟಿ ನೇಯುವ ವಿದ್ಯೆಗೆ. ಬೇಕಿದ್ದರೆ ಆ ಹಾಡನ್ನು ನಾಲ್ಕು ಎಳೆಯಾಗಿ ಸೀಳಿ ಕೋರಸ್ಸಿಗೆ ಹಂಚಿಬಿಡಬಹುದಿತ್ತು. ಒಂಟಿ ದನಿಯಾಗಿ ಕೇಳಿದ್ದನ್ನು ಒಂಟಿ ದನಿಯಾಗಿ ನಿಲ್ಲಿಸಿದ.

ಇದು ಯುರೋಪಿನವರು ಪೂರ್ವದ ಬಗ್ಗೆ ಕಟ್ಟಿಕೊಂಡ ಕನಸಷ್ಟೇ ಅಲ್ಲವೇ ಎಂದು ಯಾರಾದರೂ ನಿಮ್ಮನ್ನು ಕೇಳಬಹುದು. ಭಾಗಶಃ ಹೌದು. ಕಾಲ್ವೊಕೊರೆಸ್ಸಿಗೆ ಬರೆದ ಪತ್ರದಲ್ಲಿ ರೂಸೆಲ್ ತನಗೆ ಸ್ಫೂರ್ತಿ ಕೊಟ್ಟದ್ದು ಭಾರತವೇ ಆದರೂ ಸಾಹಿತ್ಯದಲ್ಲಿ ದೇಶ ಇಂಥದ್ದೇ ಎಂದು ಗೊತ್ತಾಗುವುದು ಬೇಡ, ಟಿಬೆಟ್, ಚೀನಾ, ಪರ್ಷಿಯಾ ಯಾವುದಾದರೂ ಆಗಬಹುದು ಎಂಬರ್ಥದಲ್ಲಿ ಹೇಳಿದ್ದಾನೆ. ಈ ಮಾತು ನನಗೆ ನೋವು ಕೊಡುತ್ತದೆ. ಕಾಶಿ ಯಾವುದಾದರೂ ಊರಲ್ಲ. ಆದರೂ ಅವನಿಗಿಂತ ಹಿಂದಿನವರ ಜೊತೆ ಇಟ್ಟು ನೋಡಿ. ಮಾಸ್ಸನೆ 1877ರಲ್ಲಿ ಲಾಹೋರಿನ ರಾಜನ ಮೇಲೆ ಆಪೆರಾ (ಹಾಡಿನಲ್ಲೇ ನಡೆಯುವ ನಾಟಕ) ಬರೆದ, ದೆಲೀಬ್ 1883ರಲ್ಲಿ ‘ಲಾಕ್ಮೆ’ ಬರೆದ. ಅವರಿಗೆ ಭಾರತ ವೇದಿಕೆಯ ಪರದೆ. ರೂಸೆಲ್ ಬಂದ, ನಿಂತ, ಕೇಳಿಸಿಕೊಂಡ, ಬರೆದುಕೊಂಡ. ಬರೆದುಕೊಂಡದ್ದನ್ನು ಕೃತಿಯ ತುದಿಯಲ್ಲಿ, ಎಲ್ಲರೂ ಕಾಯುತ್ತಿದ್ದ ಜಾಗದಲ್ಲಿ ಇಟ್ಟ.

ಇನ್ನೂ ಹತ್ತಿರ ಹೋದವನು ಬೇಕೆಂದರೆ ಫ್ರೆಂಚ್ ಸಂಯೋಜಕ ಮೊರಿಸ್ ದೆಲಾಜ್ ಇದ್ದಾನೆ. ಅವನು 1912ರಲ್ಲಿ ಭಾರತಕ್ಕೆ ಬಂದ. ನಮ್ಮ ಸಂಗೀತದ ಗ್ರಾಮಫೋನ್ ತಟ್ಟೆಗಳಿಗೆ ಮನಸೋತ. ಕೊಯಮತ್ತೂರು ತಾಯಿ ಎಂಬ ಗಾಯಕಿಯ ಗಾಯನವನ್ನು ಆಧರಿಸಿ ‘ರಾಗಮಾಲಿಕಾ’ ಎಂಬ ಕೃತಿಯನ್ನೇ ಬರೆದ. ಅದರಲ್ಲಿ ಪಿಯಾನೋದ ಒಂದು ತಂತಿಯಡಿ ರಟ್ಟು ಸಿಕ್ಕಿಸಿ ಮೃದಂಗದ ಹಾಗೆ ನುಡಿಸಬೇಕೆಂದು ಸೂಚನೆಯಿದೆ. ನಿಮಗೆ ಅದು ಖಂಡಿತ ಹಿಡಿಸುತ್ತದೆ. ರೂಸೆಲ್‌ನಲ್ಲೇ ರಾಗದ ನೆರಳು ಹುಡುಕುವುದಾದರೆ, ಚಿತ್ತೋಡದ ಹಾಳು ಕೋಟೆ ನೋಡಿ ಬರೆದ ‘ಪದ್ಮಾವತಿ’ ಕೇಳಿ. 1923ರಲ್ಲಿ ಪ್ಯಾರಿಸ್ ಆಪೆರಾದಲ್ಲಿ ಮೊದಲು ಆಡಿದ ಆಪೆರಾ-ಬ್ಯಾಲೆ ಅದು. ನಮ್ಮ ಮೇಳಗಳನ್ನು ನೆನಪಿಸುವ ಸ್ವರಶ್ರೇಣಿಗಳು ಅಲ್ಲಿ ನೇರವಾಗಿಯೇ ಕಿವಿಗೆ ಬೀಳುತ್ತವೆ.

ಒಂದು ಅಡ್ಡಮಾತು, ವೀಣೆಯವರಿಗೆ ಹೇಳದೆ ಇರಲಾರೆ. ಎಲ್ಲೋರಾದಿಂದ ಹದಿನೈದು ಕಿಲೋಮೀಟರಿನಷ್ಟು ದೂರದಲ್ಲಿ ದೇವಗಿರಿ. ಸೇವುಣರ ಆ ರಾಜಧಾನಿಯಲ್ಲಿ ಹದಿಮೂರನೆಯ ಶತಮಾನದಲ್ಲಿ ಶಾರ್ಙ್ಗದೇವ ‘ಸಂಗೀತ ರತ್ನಾಕರ’ ಬರೆದ. ಅದರಲ್ಲಿನ ನೂರಿಪ್ಪತ್ತು ದೇಶೀ ತಾಳಗಳ ಪಟ್ಟಿ ಫ್ರೆಂಚ್ ಸಂಗೀತ ವಿಶ್ವಕೋಶವೊಂದರ ಮೂಲಕ ಇಪ್ಪತ್ತನೆಯ ಶತಮಾನದ ಫ್ರೆಂಚ್ ಸಂಯೋಜಕ ಒಲಿವಿಯೇ ಮೆಸ್ಸಿಯಾಂನ ಕೈಗೆ ಸಿಕ್ಕಿ, ಅವನ ತಾಳದ ಯೋಚನೆಯನ್ನೇ ಬದಲಿಸಿತು. ರೂಸೆಲ್ ಆ ದಾರಿಯಲ್ಲಿ ಗುಹೆ ನೋಡಿಕೊಂಡು ಹೋದ, ಪುಸ್ತಕ ಅವನ ನಂತರದವನಿಗೆ ಸಿಕ್ಕಿತು.

ಕೇಳುವುದಕ್ಕೆ ಮೂರು ಧ್ವನಿಮುದ್ರಣ ಹೇಳುತ್ತೇನೆ. ಮಿಶೆಲ್ ಪ್ಲಾಸೋಂ ತುಲೂಸ್‌ನ ವಾದ್ಯವೃಂದದೊಂದಿಗೆ 1980ರ ದಶಕದಲ್ಲಿ ಮಾಡಿದ್ದು ನನ್ನ ಮೊದಲ ಆಯ್ಕೆ. ಅದರಲ್ಲಿ ಸ್ತೋತ್ರ ಹಾಡಿದವನು ಜೋಸೆ ವಾನ್ ಡಾಮ್, ಒಂದೊಂದು ಪದವೂ ಬಿಡಿಬಿಡಿಯಾಗಿ ಕೇಳುತ್ತದೆ. ಯಾನ್ ಪಾಸ್ಕಲ್ ತೊರ್ತೆಲಿಯೇ ಬಿಬಿಸಿ ಫಿಲ್‌ಹಾರ್ಮೋನಿಕ್ ಜೊತೆ ಮಾಡಿದ್ದು 2018ರಲ್ಲಿ ಬಂತು, ಧ್ವನಿ ಹೊಸದು, ಗುಹೆಯ ಆಳ ಚೆನ್ನಾಗಿ ಬಂದಿದೆ. ಜೆಕ್ ಫಿಲ್‌ಹಾರ್ಮೋನಿಕ್ ಜೊತೆ ಕೊಶ್ಲರ್ ಮಾಡಿದ್ದು ಹಳೆಯದು, ಅದಕ್ಕೂ ಅದರದೇ ಕಾವಿದೆ.

ಮುಂದಿನ ಸಲ ಹೀಗೆ ಕೇಳಿ. ರಾತ್ರಿ ದೀಪ ಆರಿಸಿ, ಎಲ್ಲೋರಾದ ಭಾಗವೊಂದನ್ನೇ ಹಾಕಿ, ಮುಗಿದ ಮೇಲೆ ನಿಲ್ಲಿಸಿಬಿಡಿ. ಮಾರನೆಯ ದಿನ ಬೆಳಗಿನ ಜಾವ ವೀಣೆಗೆ ಕೂರುವ ಮೊದಲು ಮೂರನೆಯ ಭಾಗ ಕೇಳಿ. ಬ್ಯಾರಿಟೋನ್ ಒಬ್ಬನೇ ಎದ್ದು ಸ್ತೋತ್ರ ಹಿಡಿದಾಗ ಅವನ ಧಾಟಿಯನ್ನು ಮಾತ್ರ ಎರಡು ಮೂರು ಸಲ ಕೇಳಿ ಬಾಯಿಗೆ ತಂದುಕೊಳ್ಳಿ, ಕೆಳಗಿನ ವಾದ್ಯಗಳನ್ನು ಮರೆತುಬಿಡಿ. ಆಮೇಲೆ ಶ್ರುತಿ ಹಾಕಿಕೊಂಡು ಅದನ್ನೇ ನಿಮ್ಮ ವೀಣೆಯ ಮೇಲೆ, ಗಮಕ ಸೇರಿಸಿ, ನಿಧಾನವಾಗಿ ನುಡಿಸಿ ನೋಡಿ. ಏನು ಸಿಕ್ಕಿತೆಂದು ನನಗೂ ಬರೆದು ತಿಳಿಸಿ.